ಎರಡು ಬೇಡ, ಒಂದು ಡೇರೆ

ಉತ್ತರ ಮಿನೆಸೋಟದ ರಸ್ತೆಗಳಲ್ಲಿ ಮೂವತ್ತೊಂದು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವನು ನಾನು, ಆರ್ವಿನ್ ಸ್ಟೆನರುಡ್. ರಸ್ತೆ ಬದಿಯ ಹಳ್ಳಕ್ಕೆ ಬಿದ್ದ ಕಾರುಗಳಿಗೆ ಸರಪಳಿ ಹಾಕಿ ಎಷ್ಟು ಎಳೆದಿದ್ದೇನೆಂದರೆ, ನಮ್ಮ ಸೀಮೆಯಲ್ಲಿ ಅರ್ಧ ಜನ ನನ್ನಿಂದಲೇ ಮೇಲೆ ಬಂದವರು. ಉಳಿದ ಅರ್ಧ ಇನ್ನೂ ಬೀಳಬೇಕಾದವರು. ಆದರೆ ಈ ಆರ್ವಿನ್ ಸ್ಟೆನರುಡ್‌ನನ್ನು ಒಂದು ನರಪ್ರಾಣಿ ಎಲ್ಲಿಂದಲಾದರೂ ಎಳೆದು ತೆಗೆದದ್ದುಂಟೇ? ಇಲ್ಲ. ಅಂಥ ಪ್ರಸಂಗ ಬಂದಿಲ್ಲ, ಬರುವುದೂ ಇಲ್ಲ.

ಈ ಘನವಾಕ್ಯವನ್ನು ನಾನು ಕಳೆದ ಜೂನ್ ತಿಂಗಳ ಒಂದು ಶುಕ್ರವಾರ ಬ್ಲೂ ಕೆಟಲ್ ಕೆರೆಯ ದಂಡೆಯ ಸ್ಟೇಟ್ ಪಾರ್ಕಿನಲ್ಲಿ, ಡೇರೆ ಹಾಕಲು ನಮಗೆ ಕೊಟ್ಟ ಹತ್ತೊಂಬತ್ತನೆಯ ನಂಬರಿನ ಜಾಗದಲ್ಲಿ, ಪೈನ್ ಮರಗಳೆಲ್ಲ ತಲೆದೂಗುವಂತೆ ಹೇಳಿದೆ. ಪೈನ್ ಮರಗಳು ಗಾಳಿ ಬಂದರೂ ತಲೆದೂಗುತ್ತವೆ ಎಂಬುದು ಬೇರೆ ಮಾತು. ಕೇಳಿಸಿಕೊಂಡವಳು ನನ್ನ ಹೆಂಡತಿ ಆರ್ಡಿಸ್. ಅವಳು ಕಾರಿನಿಂದ ಇಳಿಯುವುದಕ್ಕೆ ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದು ಕೈಯಲ್ಲಿ ಮೊಣಕಾಲನ್ನೂ ಹಿಡಿದುಕೊಂಡಿದ್ದಳು.

ಮಾತು ಬೆಳೆದದ್ದು ಆ ಮೊಣಕಾಲಿನಿಂದಲೇ. ಕೆರೆಯ ಆಚೆ ದಡದಲ್ಲಿ ಆರ್ಡಿಸ್‌ಳ ಅಕ್ಕ ಲವಾನ್‌ಳ ಮನೆ ಇದೆ. ಅದರಲ್ಲಿ ಮಂಚ ಇದೆ, ಬಿಸಿನೀರಿದೆ, ಮನೆಯೊಳಗೇ ಪಾಯಿಖಾನೆ ಇದೆ. ಇಷ್ಟೆಲ್ಲ ಅನುಕೂಲ ಇಟ್ಟುಕೊಂಡು ಕೆರೆ ನೋಡುವುದು ಹೇಡಿತನ ಎಂದು ನಾನು ಮೂವತ್ತಾರು ವರ್ಷಗಳಿಂದ ಪ್ರತಿಪಾದಿಸುತ್ತ ಬಂದಿದ್ದೇನೆ. ಮೂವತ್ತಾರು ವರ್ಷಗಳಿಂದ ಲವಾನ್ ನಮ್ಮನ್ನು ಕರೆಯುತ್ತ ಬಂದಿದ್ದಾಳೆ. ನಾವು ಅವಳ ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ, ನೆಲದ ಮೇಲೆ, ನಮ್ಮ ಡೇರೆಯಲ್ಲಿ ಮಲಗುತ್ತ ಬಂದಿದ್ದೇವೆ.

"ಈ ಸಲ ನೆಲದಿಂದ ಏಳೋಕೆ ನನಗೇ ನಿನ್ನ ಸರಪಳಿ ಬೇಕಾಗುತ್ತೆ" ಎಂದಳು ಆರ್ಡಿಸ್. "ಯಾರ ಸಹಾಯನೂ ಬೇಡ್ವಾ ನಿನಗೆ? ಸರಿ. ಭಾನುವಾರ ಮಧ್ಯಾಹ್ನದ ತನಕ ಬಾಯಿಬಿಟ್ಟು ಯಾರ ಹತ್ರನೂ ಸಹಾಯ ಕೇಳಬೇಡ. ಗೆದ್ರೆ ಇನ್ನು ಹತ್ತು ವರ್ಷ ತುಟಿ ಪಿಟಕ್ಕನ್ನದೆ ನಿನ್ನ ಜೊತೆ ನೆಲದ ಮೇಲೆ ಮಲಗ್ತೀನಿ. ಕೇಳಿದ್ಯೋ, ಡೇರೆ ನನ್ನದು. ಯಾರಿಗೆ ಬೇಕಾದ್ರೂ ಕೊಟ್ಟುಬಿಡ್ತೀನಿ. ಆಮೇಲೆ ಪ್ರತಿ ಬೇಸಿಗೆ ಲವಾನ್ ಮನೆ."

ಡೇರೆಯನ್ನು ಪಣಕ್ಕಿಡುವುದೆಂದರೆ! ಧರ್ಮರಾಯನಿಗೂ ಹೀಗೇ ಮೊದಲು ಸಣ್ಣ ವಿಷಯ ಅನ್ನಿಸಿರಬೇಕು. ಅದು ನಮ್ಮ ಮದುವೆಯ ವರ್ಷ ಕೊಂಡ ಕ್ಯಾನ್ವಾಸ್ ಡೇರೆ. ಒಣಗಿದ್ದಾಗ ಕರುವಿನ ತೂಕ, ನೆನೆದಾಗ ಅದರ ತಾಯಿಯ ತೂಕ. ಎಡಗಡೆಯ ದೊಡ್ಡ ತೇಪೆ ಕರಡಿಯೊಂದು ನಮ್ಮ ಹಂದಿಮಾಂಸವನ್ನು ವಿಚಾರಿಸಿಕೊಂಡು ಬಂದ ವರ್ಷದ್ದು. ಬಾಗಿಲ ಮೇಲಿನ ಹಳದಿ ತೇಪೆ ಆರ್ಡಿಸ್ ಮದುವೆಯಾದ ಹೊಸತರಲ್ಲಿ ಉಡುತ್ತಿದ್ದ ಲಂಗದ್ದು. ಮೊದಲನೆಯ ರಾತ್ರಿಯೇ ಡೇರೆ ಹರಿದಾಗ ಅವಳೇ ಕತ್ತರಿಸಿ ಹೊಲಿದದ್ದು. ಅಂಥ ಡೇರೆ. ಆದರೂ ನಾನು ಧೈರ್ಯವಾಗಿ ಒಪ್ಪಿದೆ. ಒಂದೇ ಒಂದು ವಿಷಯ ಖಚಿತಪಡಿಸಿಕೊಂಡೆ.

"ಅವರಾಗಿಯೇ ಮೂರು ಸಲ ಕೇಳಿದ್ರೆ?"

"ಅದು ಸಹಾಯ ಅಲ್ಲ, ಮರ್ಯಾದೆ. ಅಷ್ಟು ನ್ಯಾಯ ನನಗೂ ಗೊತ್ತು" ಎಂದಳು.

ನಮ್ಮ ಕಡೆಯ ಕಟ್ಟಳೆ ಇದು. ಯಾರಾದರೂ ಏನನ್ನಾದರೂ ಕೊಡಲು ಬಂದರೆ ಮೊದಲ ಸಲ "ಬೇಡ" ಅನ್ನಬೇಕು. ಅದು ಸಭ್ಯತೆ. ಎರಡನೆಯ ಸಲ "ಅಯ್ಯೋ, ನಿಮಗ್ಯಾಕೆ ತೊಂದರೆ" ಅನ್ನಬೇಕು. ಅದು ಸಂಸ್ಕಾರ. ಮೂರನೆಯ ಸಲ ಕೇಳಿದಾಗ ನಿಟ್ಟುಸಿರು ಬಿಟ್ಟು "ನೀವು ಅಷ್ಟು ಹೇಳ್ತಿದ್ದೀರ ಅಂದ್ಮೇಲೆ..." ಎಂದು ತೆಗೆದುಕೊಳ್ಳಬೇಕು. ಅದು ಊಟ. ಒಂದು ಜನವರಿಯಲ್ಲಿ ಒಂದು ಕಾರು ಪೂರ್ತಿಯಾಗಿ ಹಿಮದಲ್ಲಿ ಹೂತು, ರೇಡಿಯೋ ಕಡ್ಡಿಯ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ನಾನು ಆ ಕಡ್ಡಿಯ ಹತ್ತಿರ ಬಗ್ಗಿ, ಎಳೆಯಲೇ ಎಂದು ಕೇಳಿದೆ. ಒಳಗಿನಿಂದ, ಬೇಡ, ಇಲ್ಲೇ ಬೆಚ್ಚಗಿದೆ ಎಂದು ದನಿ ಬಂತು. ಮತ್ತೆ ಕೇಳಿದೆ. ನಿಮಗ್ಯಾಕೆ ತೊಂದರೆ, ಏಪ್ರಿಲ್‌ನಲ್ಲಿ ಹೇಗೂ ಕರಗುತ್ತದಲ್ಲ ಎಂದರು. ಮೂರನೆಯ ಸಲ ಕೇಳಿದ ಮೇಲೆಯೇ ಸರಪಳಿ ಕಟ್ಟಲು ಬಿಟ್ಟದ್ದು. ಜನ ಎಂದರೆ ಹಾಗಿರಬೇಕು.

ಹೀಗಾಗಿ ಪಂದ್ಯ ನನ್ನ ಜೇಬಿನಲ್ಲೇ ಇತ್ತು. ಪಾರ್ಕಿನ ತುಂಬ ನಮ್ಮ ಜನ; ಕಷ್ಟ ಬಂದರೆ ಸಾಕು, ಮೂರು ಮೂರು ಸಲ ಕೇಳುವವರು ಸಾಲುಗಟ್ಟುತ್ತಾರೆ. ನಾನು ಪಕ್ಕದ ಇಪ್ಪತ್ತನೆಯ ಜಾಗದಲ್ಲಿ ನಿಂತಿದ್ದ ಗಾಡಿಯ ನಂಬರ್ ಪ್ಲೇಟನ್ನು ಆಗಲೇ ನೋಡಬೇಕಿತ್ತು. ನೋಡಲಿಲ್ಲ. ಅದು ಟೆಕ್ಸಸ್‌ನ ಗಾಡಿ.

ಡೇರೆ ಬಿಚ್ಚಿದೆ. ಅದಕ್ಕೆ ಇಪ್ಪತ್ತೆರಡು ಕೊಳವೆಗಳು. ಪ್ರತಿ ವರ್ಷ ಎಲ್ಲ ಜೋಡಿಸಿದ ಮೇಲೂ ಒಂದು ಉಳಿಯುತ್ತದೆ. ಅದನ್ನು ನಾವು ಬೆಂಕಿ ಕೆದಕಲು ಬಳಸುತ್ತೇವೆ. ಈ ವರ್ಷ ಡೇರೆ ಅರ್ಧ ಏಳುವಷ್ಟರಲ್ಲೇ ನಾಲ್ಕು ಉಳಿದವು. ನಾನು ಕ್ಯಾನ್ವಾಸಿನ ಕೆಳಗೆ ಎರಡೂ ಕೈ ಮೇಲೆತ್ತಿ, ಗೋವರ್ಧನ ಎತ್ತಿದವನ ಭಂಗಿಯಲ್ಲಿ ನಿಂತಿದ್ದೆ. ವ್ಯತ್ಯಾಸ ಇಷ್ಟೇ: ಅವನಿಗೆ ಒಂದು ಬೆರಳು ಸಾಕಾಗಿತ್ತು, ನನಗೆ ಮೂಗಿನ ಮೇಲೆ ಒಂದು ಸೊಳ್ಳೆಯೂ ಕೂತಿತ್ತು. ಹೊರಗಿನಿಂದ ಒಂದು ಭಾರಿ ಗಂಟಲು ಕೇಳಿತು.

"ಸರ್, ಒಂದು ಕೈ ಹಾಕಲಾ?"

"ಬೇಡ ಬೇಡ" ಎಂದೆ ಕ್ಯಾನ್ವಾಸಿನೊಳಗಿಂದ.

"ಖಂಡಿತ ಬೇಡ್ವಾ ಸರ್?"

"ಅಯ್ಯೋ, ನಿಮಗ್ಯಾಕೆ ತೊಂದರೆ" ಎಂದು, ಮೂರನೆಯದಕ್ಕೆ ಬೇಕಾದ ನಿಟ್ಟುಸಿರನ್ನು ಎದೆಯಲ್ಲಿ ತುಂಬಿಕೊಂಡೆ. ತುಂಬಿಕೊಂಡೇ ಇದ್ದೆ. ಮುಖ ಕೆಂಪಾಯಿತು, ನೀಲಿಯಾಯಿತು. ಕೊನೆಗೆ ಆರ್ಡಿಸ್‌ಳ ದನಿ ಬಂತು.

"ಹೋದ."

"ಎಲ್ಲಿಗೆ?"

"ಅವನ ಕುರ್ಚಿಗೆ. ನಿನ್ನ ಮಾತನ್ನ ನಂಬಿಬಿಟ್ಟ ಪಾಪ."

ಎಪ್ಪತ್ತರ ಹತ್ತಿರ ಬಂದ ನನ್ನ ಜೀವಮಾನದಲ್ಲಿ ನನ್ನ "ಬೇಡ"ವನ್ನು ಯಾರೂ ನಂಬಿರಲಿಲ್ಲ. ಇದು ಮೊದಲನೆಯ ಅವಮಾನ. ಡೇರೆಯನ್ನು ಹೇಗೋ ಪಕ್ಕದ ಪೈನ್ ಮರಕ್ಕೆ ಒರಗಿಸಿ ನಿಲ್ಲಿಸಿದೆ. ತಡವಾಗಿ ಮನೆಗೆ ಬಂದು ಬಾಗಿಲ ಹತ್ತಿರ ನೆಪ ಹುಡುಕುವ ಗಂಡನಂತೆ ಅದು ನಿಂತಿತು.

ಆ ಭಾರಿ ಗಂಟಲಿನ ಹೆಸರು ರಾಯ್ಸ್ ಟಿಡ್‌ವೆಲ್ ಎಂದು ಆಮೇಲೆ ತಿಳಿಯಿತು. ಒಂಟಿ ಮನುಷ್ಯ, ಮೀನು ಹಿಡಿಯಲು ಮೋಟಾರು ದೋಣಿ ಎಳೆದುಕೊಂಡು ದೇಶದ ಆ ತುದಿಯಿಂದ ಈ ತುದಿಗೆ ಬಂದಿದ್ದ. ಎತ್ತರದಲ್ಲಿ ಪೈನ್ ಮರಕ್ಕಿಂತ ಒಂದು ಟೋಪಿಯಷ್ಟು ಕಡಿಮೆ, ಆ ಟೋಪಿ ಹಾಕಿಕೊಂಡರೆ ಸಮ. ಸಂಜೆ ಬೆಂಕಿಯ ವಿಷಯದಲ್ಲೂ ಇದೇ ಕಥೆ. ಹೊರಗಿನ ಸೌದೆ ಪಾರ್ಕಿಗೆ ತರುವ ಹಾಗಿಲ್ಲ, ಅದರೊಳಗೆ ಮರ ತಿನ್ನುವ ಹುಳು ಬರುತ್ತದಂತೆ. ಪಾರ್ಕಿನಲ್ಲಿ ಕೊಂಡ ಸೌದೆ ಹಿಂದಿನ ದಿನದ ಮಳೆಯನ್ನು ಕುಡಿದು ಮಲಗಿತ್ತು. ರಾಯ್ಸ್ ಒಣ ಸೌದೆ ಕೊಡುತ್ತೇನೆಂದು ಎರಡು ಸಲ ಕೇಳಿದ. ನಾನು ಎರಡು ಸಲ ಬೇಡ ಎಂದೆ. ಅವನು ಟೋಪಿಯ ಅಂಚು ಮುಟ್ಟಿ ಹೊರಟುಹೋದ. ನಮ್ಮ ಒಲೆಯಿಂದ ಎದ್ದ ಹೊಗೆಗೆ ಕೆರೆಯ ಆಚೆ ದಡದಲ್ಲಿ ಲವಾನ್ ಕಿಟಕಿ ಮುಚ್ಚಿಕೊಂಡಳಂತೆ. ಆರ್ಡಿಸ್ ಮನೆಯಿಂದ ತಂದ ಹಾಟ್‌ಡಿಶ್, ಅಂದರೆ ಕೀಮಾ, ಬೀನ್ಸು, ಡಬ್ಬಿಯ ಅಣಬೆ ಸೂಪು, ಮೇಲೆ ಹಾಸಿದ ಆಲೂಗಡ್ಡೆಯ ಪುಟಾಣಿ ಉಂಡೆಗಳು, ಹೆಸರಿನಲ್ಲಿ ಮಾತ್ರ ಬಿಸಿಯಾಗಿ ಉಳಿಯಿತು. ಅದನ್ನು ಚಮಚದಿಂದ ಕೊರೆಯಲು ನೋಡಿದೆ, ಚಮಚ ಬಾಗಿತು.

ಆ ಹೊತ್ತಿಗೆ ರಾಯ್ಸ್ ತನ್ನ ಒಲೆಯಿಂದ ಒಂದು ಪಾತ್ರೆ ಹಿಡಿದು ಬಂದ. ಅವರ ಊರಿನ ಚಿಲ್ಲಿಯಂತೆ. ಮಾಂಸಕ್ಕಿಂತ ಮೆಣಸಿನಕಾಯಿ ಹೆಚ್ಚಿರುವ ಕೆಂಪು ಸಾರು. "ಮೇಡಂ, ಸ್ವಲ್ಪ ಹಾಕಲಾ?" ಎಂದ.

"ಹೂಂ, ಹಾಕಿ. ಸ್ವಲ್ಪ ಜಾಸ್ತಿನೇ ಹಾಕಿ" ಎಂದಳು ಆರ್ಡಿಸ್.

ಮೊದಲನೇ ಸಲಕ್ಕೇ! ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಲೂಥರನ್ ಚರ್ಚಿನಲ್ಲಿ ಹೆಸರು ಬರೆಸಿಕೊಂಡ ಹೆಂಗಸು, ಮೂರು ಮಕ್ಕಳ ತಾಯಿ, ಒಬ್ಬ ಅಪರಿಚಿತ ಗಂಡಸು ಒಂದೇ ಸಲ ಕೇಳಿದ್ದಕ್ಕೆ ಹೂಂ ಅಂದುಬಿಟ್ಟಳು. ನಾನು ಪೈನ್ ಮರಗಳ ಕಡೆ ತಿರುಗಿ, ಏನೂ ಕೇಳಿಸದವನಂತೆ ನಿಂತೆ. ಅವಳು ಮಾತ್ರ ಮೂಗಲ್ಲಿ ಕಣ್ಣಲ್ಲಿ ನೀರು ಸುರಿಸುತ್ತ, ಬಟ್ಟಲು ಮುಗಿಸಿ, "ಕೇಳಿದ ತಕ್ಷಣ ಹೂಂ ಅಂದ್ರೆ ಬಿಸಿ ಊಟ ಸಿಗುತ್ತೆ ಆರ್ವಿನ್. ಅರವತ್ತೈದು ವರ್ಷದಿಂದ ಇದನ್ನ ನನಗೆ ಯಾರೂ ಹೇಳಿರಲಿಲ್ಲ" ಎಂದಳು.

ನನ್ನನ್ನು ರಾಯ್ಸ್ ಕೇಳಲೇ ಇಲ್ಲ, ನೇರವಾಗಿ ಬಟ್ಟಲಿಗೆ ಸುರಿದ. ನಮ್ಮ ಕಡೆ ಕರಿಮೆಣಸಿನ ಡಬ್ಬಿಯನ್ನು ಔಷಧಿಯ ಕಪಾಟಿನಲ್ಲಿ ಇಡುವವರಿದ್ದಾರೆ ಎಂಬುದನ್ನು ನೀವು ನೆನಪಿಟ್ಟುಕೊಳ್ಳಬೇಕು. ಮೊದಲ ತುತ್ತಿಗೆ ಕಿವಿಯಿಂದ ಹೊಗೆ ಬಂತು. ಹಸಿ ಸೌದೆ ಮಾಡಲಾರದ್ದನ್ನು ನಾನು ಮಾಡಿದೆ. ಹೇಗಿದೆ ಎಂದು ಅವನು ಕೇಳಿದ.

ನಮ್ಮಲ್ಲಿ ಯಾರನ್ನೂ ಮುಖಕ್ಕೆ ಹೊಡೆದಂತೆ ಬೈಯುವುದಿಲ್ಲ. ಊಟ ಅಮೃತದಂತಿದ್ದರೆ "ಅಷ್ಟೇನೂ ಕೆಟ್ಟದಾಗಿಲ್ಲ" ಅನ್ನುತ್ತೇವೆ. ಬಾಯಿಗಿಡಲಾಗದಿದ್ದರೆ "ಬೇರೆ ಥರ ಇದೆ" ಅನ್ನುತ್ತೇವೆ. ಅದಕ್ಕಿಂತ ಕಟುವಾದ ಬೈಗುಳ ನಮ್ಮ ಭಾಷೆಯಲ್ಲಿಲ್ಲ. ಹೊಸ ಪಾದ್ರಿಯ ಹೆಂಡತಿಯ ಸಲಾಡಿಗೆ ಒಮ್ಮೆ ಯಾರೋ ಹಾಗೆಂದದ್ದಕ್ಕೆ ಆ ಸಂಸಾರವೇ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋಯಿತು. ನಾನು ಉರಿಯುವ ನಾಲಿಗೆಯಿಂದ, ಪೂರ್ತಿ ವಿಷ ಬೆರೆಸಿ ಹೇಳಿದೆ.

"ಬೇರೆ ಥರ ಇದೆ."

ರಾಯ್ಸ್‌ನ ಮುಖ ಅರಳಿತು. "ಎಲ್ಲರೂ ಹಾಗೇ ಅಂತಾರೆ ಸರ್" ಎಂದು ಇನ್ನೊಂದು ಸೌಟು ಹಾಕಿದ. ಬಟ್ಟಲಲ್ಲಿ ಏನನ್ನೂ ಬಿಡಬಾರದೆಂದು ಬೆಳೆಸಿದ ತಾಯಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಅದನ್ನೂ ತಿಂದೆ.

ಶನಿವಾರ ಬೆಳಗಾಗುವುದರೊಳಗೆ ಒಂದು ತೀರ್ಮಾನಕ್ಕೆ ಬಂದಿದ್ದೆ: ಯಾರ ಹಂಗೂ ಬೇಡ, ಕೆರೆಯಿಂದ ನಾನೇ ಮೀನು ಹಿಡಿದು ತರುತ್ತೇನೆ. ನನ್ನ ಅಪ್ಪ ಸೀಡರ್ ಮರದಲ್ಲಿ ಕೈಯಾರೆ ಕೆತ್ತಿಕೊಟ್ಟ ಹುಟ್ಟನ್ನು ಹಿಡಿದು, ನಮ್ಮ ಸಣ್ಣ ದೋಣಿಯನ್ನು ನೀರಿಗಿಳಿಸಿದೆ. ಆರ್ಡಿಸ್ ದಡದಲ್ಲಿ ನಿಂತು, ರಾಯ್ಸ್ ಅವರು ತಿಂಡಿಗೆ ಕರೆದಿದ್ದಾರೆ, ನಾನು ಹೂಂ ಅಂದಿದ್ದೇನೆ ಎಂದಳು. ಒಂದೇ ಸಲಕ್ಕೇ ಅಂದೆಯಾ ಎಂದು ನಾನು ಕೇಳಲಿಲ್ಲ. ಕೆಲವು ವಿಷಯಗಳನ್ನು ಗಂಡನಾದವನು ತಿಳಿದುಕೊಳ್ಳದಿರುವುದೇ ಕ್ಷೇಮ.

ಕೆರೆಯ ನಡುವಿಗೆ ಬಂದೆ. ನಾಲಿಗೆ ಇನ್ನೂ ನಿನ್ನೆಯದನ್ನೇ ಜಪಿಸುತ್ತಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ದೋಣಿಯ ಅಂಚಿನಿಂದ ಬಗ್ಗಿ ನಾಲಿಗೆಯನ್ನು ಕೆರೆಗೆ ಅದ್ದಿದೆ. ಆಹಾ! ಜೂನ್ ತಿಂಗಳಲ್ಲಿ ನಮ್ಮ ಕೆರೆಗಳು ಐಸ್ ಆಗುವುದನ್ನು ಆಗಷ್ಟೇ ಮರೆತಿರುತ್ತವೆ. ಆ ಸುಖದಲ್ಲಿ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಎರಡು ಸಂಗತಿ ಕಂಡವು. ಒಂದು, ಲೂನ್ ಹಕ್ಕಿ. ಮನುಷ್ಯರ ಹಾಗೇ ನಗುವ ನೀರುಹಕ್ಕಿ ಅದು, ಹತ್ತು ಮಾರು ದೂರದಲ್ಲಿ ತೇಲುತ್ತ, ನಾಲಿಗೆ ಚಾಚಿದ ನನ್ನನ್ನೇ ನೋಡುತ್ತಿತ್ತು. ಎರಡು, ಅದರ ಪಕ್ಕದಲ್ಲಿ ತೇಲುತ್ತಿದ್ದ ನನ್ನ ಹುಟ್ಟು.

ಹುಟ್ಟನ್ನು ಹಿಡಿಯಲು ಗಾಳ ಬೀಸಿದೆ. ಗಾಳ ನನ್ನ ಟೋಪಿಯನ್ನು ಹಿಡಿದು ನೀರಿಗೆ ಎಸೆಯಿತು. ಕೈಯಿಂದ ನೀರು ತಳ್ಳಿದೆ. ದೋಣಿ ಇದ್ದಲ್ಲೇ ಬುಗುರಿಯಂತೆ ಸುತ್ತಿತು. ಲೂನ್ ನಕ್ಕಿತು. ಗಾಳಿ ಹುಟ್ಟನ್ನು ಒಂದು ಕಡೆಗೂ ನನ್ನನ್ನು ಇನ್ನೊಂದು ಕಡೆಗೂ ಕರೆದೊಯ್ಯತೊಡಗಿತು. ನಮ್ಮ ಸೊಳ್ಳೆಗಳಿಗೆ ಸುದ್ದಿ ಮುಟ್ಟಲು ಹೊತ್ತಾಗಲಿಲ್ಲ. ಇಡೀ ಮಿನೆಸೋಟದಲ್ಲಿ ಒಂದು ಸಲವೂ ಕೇಳದೆ ತೆಗೆದುಕೊಳ್ಳುವ ಜಾತಿಯೆಂದರೆ ಅದೊಂದೇ.

ಆಗ ಮೋಟಾರಿನ ಸದ್ದು ಕೇಳಿತು. ರಾಯ್ಸ್! ಇಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈಗ ಸಹಾಯ ಕೇಳುವ ಪ್ರಶ್ನೆಯೇ ಇಲ್ಲ, ಅವನೇ ಕೇಳುತ್ತಾನೆ, ಮೂರು ಸಲ ಕೇಳಿದರೆ ಡೇರೆ ಉಳಿಯುತ್ತದೆ. ನಡುಗೆರೆಯಲ್ಲಿ ಹುಟ್ಟಿಲ್ಲದೆ ತೇಲುವ ಮುದುಕನನ್ನು ಮೂರನೆಯ ಸಲ ಕೇಳದಿರಲು ಅವನೇನು ಕಲ್ಲೇ?

"ಸರ್, ಎಳ್ಕೊಂಡು ಹೋಗಲಾ?"

"ಬೇಡ ಬೇಡ. ಸುಮ್ನೆ ತೇಲ್ತಾ ಇದ್ದೆ."

"ಖಂಡಿತಾನಾ ಸರ್?"

"ಅಯ್ಯೋ, ನಿಮಗ್ಯಾಕೆ ತೊಂದರೆ. ಗಾಳಿ ಇದೆಯಲ್ಲ."

ಅವನು ಗಲ್ಲ ಕೆರೆದುಕೊಂಡ. ನಾನು ನಿಟ್ಟುಸಿರು ಸಿದ್ಧ ಮಾಡಿಕೊಂಡೆ. ಅವನು ಬಗ್ಗಿ ನೀರಿನಿಂದ ಏನೋ ಎತ್ತಿದ.

"ಈ ಹುಟ್ಟು ನಿಮ್ಮದಾ ಸರ್?"

ಇಲ್ಲಿ "ಹೌದು" ಎಂಬ ಎರಡಕ್ಷರದ ಪದವನ್ನು ಉಚ್ಚರಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನಮ್ಮಲ್ಲಿ ತನ್ನ ವಸ್ತುವನ್ನು ತನ್ನದು ಎಂದು ಎದೆ ತಟ್ಟಿ ಹೇಳುವುದು ಜಂಬ. ಅದು ಯಾವ ಮಹಾ ಎಂದು ಮೊದಲು ಅಲ್ಲಗಳೆಯಬೇಕು. ಎದುರಿನವರು, ಇಲ್ಲ ಇಲ್ಲ, ತೆಗೆದುಕೊಳ್ಳಿ ಎಂದು ಕೈಗೆ ತುರುಕಬೇಕು.

"ಅಯ್ಯೋ, ಅದಾ? ಹಳೇದು. ಬೇಕಾದ್ರೆ ನೀವೇ ಇಟ್ಕೊಳ್ಳಿ" ಎಂದೆ.

"ದೊಡ್ಡ ಮನಸ್ಸು ಸರ್ ನಿಮ್ಮದು" ಎಂದು ರಾಯ್ಸ್ ಟೋಪಿಯ ಅಂಚು ಮುಟ್ಟಿ, ನನ್ನಪ್ಪನ ಹುಟ್ಟನ್ನು ತನ್ನ ದೋಣಿಯಲ್ಲಿ ಮಲಗಿಸಿಕೊಂಡು, ಮೋಟಾರು ಎಬ್ಬಿಸಿ ಹೊರಟುಹೋದ. ಅವನ ದೋಣಿ ಎಬ್ಬಿಸಿದ ಅಲೆ ನನ್ನನ್ನು ಇನ್ನಷ್ಟು ಆಚೆಗೆ ತಳ್ಳಿತು. ಲೂನ್ ಬಿದ್ದು ಬಿದ್ದು ನಕ್ಕಿತು. ನಾನು ದೋಣಿಯ ತಳದಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತ ಒಂದು ಸತ್ಯ ಕಂಡುಕೊಂಡೆ. ಹುಟ್ಟು ಹೋಯಿತು. ಹುಟ್ಟುಗುಣ ಮಾತ್ರ, ನಾಲಿಗೆ ಸುಟ್ಟರೂ ಹೋಗಲಿಲ್ಲ.

ಎಷ್ಟು ಹೊತ್ತು ತೇಲಿದೆನೋ. ಈ ಅವಧಿಯಲ್ಲಿ ಸೊಳ್ಳೆಗಳ ಮೂರು ತಲೆಮಾರು ನನ್ನ ಮೇಲೆ ಹುಟ್ಟಿ, ಬೆಳೆದು, ಮಕ್ಕಳನ್ನು ದಡ ಸೇರಿಸಿದವು. ಕೊನೆಗೆ ದೋಣಿ ಎಲ್ಲಿಗೋ ತಾಕಿ ನಿಂತಿತು. ತಲೆ ಎತ್ತಿದೆ. ನೈದಿಲೆಯ ಎಲೆಗಳ ನಡುವೆ ಸಿಕ್ಕಿಕೊಂಡಿದ್ದೆ. ಹತ್ತೇ ಅಡಿ ಆಚೆ ದೋಣಿ ಕಟ್ಟುವ ಮರದ ಕಟ್ಟೆ. ಕೆಳಗೆ ಎಷ್ಟು ಆಳ, ಎಷ್ಟು ಕೆಸರು ಎಂದು ದೇವರಿಗೇ ಗೊತ್ತು. ಕಟ್ಟೆಯ ಮೇಲೆ ಮೇಜು, ಮೇಜಿನ ಮೇಲೆ ಕಾಫಿ, ಒಂದು ತಟ್ಟೆ ನಿಂಬೆ ಬಾರ್, ಅಂದರೆ ಬರ್ಫಿಯಂತೆ ಕತ್ತರಿಸಿದ ನಿಂಬೆಹಣ್ಣಿನ ಸಿಹಿತಿಂಡಿ. ಸುತ್ತ ಮೂರು ಕುರ್ಚಿ. ಒಂದರಲ್ಲಿ ಲವಾನ್, ಇನ್ನೊಂದರಲ್ಲಿ ರಾಯ್ಸ್. ಮೂರನೆಯದರಲ್ಲಿ ಆರ್ಡಿಸ್, ಮೆತ್ತೆಯ ಮೇಲೆ ಮೊಣಕಾಲು ಚಾಚಿಕೊಂಡು. ರಾಯ್ಸ್ ಅವಳನ್ನು ಅಕ್ಕನ ಮನೆಗೆ ದೋಣಿಯಲ್ಲಿ ಬಿಡಲೇ ಎಂದು ಕೇಳಿದ್ದನಂತೆ. ಎಷ್ಟು ಸಲ ಎಂದು ಬೇರೆ ಹೇಳಬೇಕಿಲ್ಲ.

ನಾನು ಎದ್ದು ಕೂತು ಕೆದರಿದ ಕೂದಲು ಸರಿಮಾಡಿಕೊಂಡೆ. ಹೀಗೇ ಈ ಕಡೆ ಬಂದವನಂತೆ ಕೈ ಬೀಸಿದೆ.

"ಹಗ್ಗ ಎಸೀಲಾ ಸರ್?" ಎಂದ ರಾಯ್ಸ್.

"ಬೇಡ ಬೇಡ. ಎಲೆ ನೋಡ್ತಾ ಇದ್ದೆ."

"ಖಂಡಿತಾನಾ?"

"ನಿಮಗ್ಯಾಕೆ ತೊಂದರೆ. ಕಾಫಿ ಆರಿಹೋಗುತ್ತೆ, ಕುಡೀರಿ."

ಅವನು ಕುಡಿದ. ನಾನು ಕಾದೆ. ನಮ್ಮ ಊರಿನ ಕಾಫಿ ಎಷ್ಟು ತಿಳಿಯೆಂದರೆ ಲೋಟದ ತಳದಲ್ಲಿ ಪತ್ರಿಕೆ ಇಟ್ಟು ಓದಬಹುದು. ಆದರೂ ಅದರ ವಾಸನೆಗೆ ನನ್ನ ಹೊಟ್ಟೆ ಗೋಳೋ ಎಂದಿತು. ಲವಾನ್‌ಗೆ ಸಂಕಟ ಶುರುವಾಯಿತು. ಅವಳೂ ನಮ್ಮವಳೇ, ಎರಡು ಸಲ ಕೇಳಿ ನಿಲ್ಲಿಸಿದ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಆಡುತ್ತಿತ್ತು. "ಆರ್ವಿನ್, ಹಗ್ಗ..." ಎಂದು ಬಾಯಿ ತೆರೆದಳು. ನನ್ನ ಡೇರೆಯ ಪ್ರಾಣ ಆ ಬಾಯಲ್ಲಿತ್ತು. ಆರ್ಡಿಸ್ ಥಟ್ಟನೆ ಒಂದು ಇಡೀ ನಿಂಬೆ ಬಾರನ್ನು ಎತ್ತಿ ಅಕ್ಕನ ಬಾಯೊಳಗಿಟ್ಟಳು. ಲವಾನ್ ಕಣ್ಣಗಲಿಸಿಕೊಂಡು ಅಗಿಯತೊಡಗಿದಳು.

ತಟ್ಟೆಯಲ್ಲಿ ಒಂದೇ ಒಂದು ಬಾರ್ ಉಳಿಯಿತು.

ನಮ್ಮಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ಮುಟ್ಟುವುದಿಲ್ಲ. ಬೇಕಾದವರು ಅದನ್ನು ಅರ್ಧ ಮಾಡುತ್ತಾರೆ. ಆಮೇಲೆ ಬಂದವರು ಆ ಅರ್ಧವನ್ನು ಅರ್ಧ ಮಾಡುತ್ತಾರೆ. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮೊದಲ ಪಾದ್ರಿಯ ಕಾಲದ ಕೇಕಿನ ಕೊನೆಯ ತುಂಡು ಇನ್ನೂ ಅರ್ಧವಾಗುತ್ತಲೇ ಇದೆ ಎಂದು ಪ್ರತೀತಿ. ಹಾಗಾಗಿ ಆ ನಿಂಬೆ ಬಾರ್ ನನಗಾಗಿಯೇ ಕಾದಿರುತ್ತದೆಂಬ ಭರವಸೆಯೊಂದೇ ನನ್ನನ್ನು ಜೀವಂತ ಹಿಡಿದಿತ್ತು. ಅಷ್ಟರಲ್ಲಿ ರಾಯ್ಸ್‌ನ ಕೈ ಎದ್ದಿತು. ತಟ್ಟೆಯ ಕಡೆ ಸಾಗಿತು. ಚಾಕುವಿನ ಕಡೆಗಲ್ಲ, ನೇರವಾಗಿ ಬಾರ್ ಕಡೆಗೆ. ಇಡಿಯಾಗಿ.

"ಹಗ್ಗ ಎಸೀರಿ!" ಎಂದು ಕೂಗಿದೆ. "ದಮ್ಮಯ್ಯ, ನನ್ನನ್ನ ಎಳೀರಿ! ಅದನ್ನ ಕೆಳಗಿಡಿ!"

ಬೇಡ ಬೇಡ ಎಂದೇ ಬೆಳೆದ ನಾಲಿಗೆ ಆ ದಿನ ಬೇಡಿತು. ಆರ್ಡಿಸ್ ಗಡಿಯಾರ ನೋಡಿ, "ಶನಿವಾರ, ಎರಡೂವರೆ ಗಂಟೆ. ಲವಾನ್, ನೀನು ಸಾಕ್ಷಿ" ಎಂದಳು. ಬಾಯಿ ತುಂಬಿದ್ದ ಲವಾನ್ ತಲೆಯಾಡಿಸಿದಳು. ಹಗ್ಗ ಬಂದು ನನ್ನ ತೊಡೆಯ ಮೇಲೆ ಬಿತ್ತು. ಮೂವತ್ತೊಂದು ವರ್ಷ ಇಡೀ ಸೀಮೆಯನ್ನು ಎಳೆದವನನ್ನು ರಾಯ್ಸ್ ಟಿಡ್‌ವೆಲ್ ಒಂದು ಕೈಯಲ್ಲಿ ಎಳೆದ. ಇನ್ನೊಂದು ಕೈಯಲ್ಲಿ ಕಾಫಿ ಇತ್ತು.

ಕಟ್ಟೆಯ ಮೇಲೆ ಬಾರ್ ತಿನ್ನುತ್ತ ನಾನು ಈ ಟೆಕ್ಸಸ್‌ನವರ ಬಗ್ಗೆ ಮರುಕ ವ್ಯಕ್ತಪಡಿಸಿದೆ: ಪಾಪ, ಒಳ್ಳೆಯ ಜನ, ಆದರೆ ಮೂರನೆಯ ಸಲ ಕೇಳ್ಬೇಕು ಅನ್ನೋದೇ ಅವರಿಗೆ ತಿಳಿಯದು ಎಂದೆ. ಆರ್ಡಿಸ್ ಅವನ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು.

"ನಿನ್ನೆ ತಿಳಿದಿರಲಿಲ್ಲ" ಎಂದಳು. "ಬೆಳಿಗ್ಗೆ ತಿಂಡಿ ತಿನ್ನುವಾಗ ಎಲ್ಲ ಹೇಳಿಕೊಟ್ಟೆ. ಎರಡು ಸಲ ಕೇಳಿ, ಮೂರನೇದು ಮಾತ್ರ ಕೇಳಬೇಡಿ ಅಂದೆ."

ರಾಯ್ಸ್ ಕುರ್ಚಿಯ ಹಿಂದಿನಿಂದ ನನ್ನಪ್ಪನ ಹುಟ್ಟನ್ನು ತೆಗೆದು ಮುಂದೆ ಹಿಡಿದ. ಇದನ್ನು ಇಟ್ಟುಕೊಂಡರೆ ನನಗೆ ನಿದ್ದೆ ಬರಲ್ಲ ಸರ್ ಎಂದ. "ಬೇ" ಎಂಬ ಅಕ್ಷರ ನನ್ನ ತುಟಿಯವರೆಗೆ ಬಂತು. ನುಂಗಿಕೊಂಡು, ಎರಡೂ ಕೈಯಿಂದ ಹುಟ್ಟನ್ನು ಕಿತ್ತುಕೊಂಡೆ. ನನ್ನ ವಂಶದಲ್ಲಿ ಮೊದಲನೆಯ ಸಲಕ್ಕೇ ಏನನ್ನಾದರೂ ತೆಗೆದುಕೊಂಡವನು ನಾನೊಬ್ಬನೇ.

ಭಾನುವಾರ ಡೇರೆಯನ್ನು ಇಳಿಸಿ ಮಡಿಸಿದೆವು. ಹಳದಿ ತೇಪೆ ಮೇಲೆ ಬರುವಂತೆ ನಾನೇ ಮಡಿಸಿದೆ. ಏನಾದರೂ ಕರುಣೆ ಹುಟ್ಟಲಿ ಎಂದು. ಆರ್ಡಿಸ್ ಅದನ್ನು ಗಮನಿಸಿದಳು. ಅದರ ಮೇಲೆ ಒಂದು ಸಲ ಬೆರಳಾಡಿಸಿದಳು ಕೂಡ. ಆಮೇಲೆ ರಾಯ್ಸ್‌ನನ್ನು ಕರೆದಳು.

"ನೀವು ಇನ್ನೂ ಉತ್ತರಕ್ಕೆ ಹೋಗೋರು. ಈ ಡೇರೆ ತಗೊಳ್ಳಿ."

"ಅಯ್ಯೋ, ಬೇಡ ಮೇಡಂ" ಎಂದ ರಾಯ್ಸ್.

ನನಗೆ ಹೋದ ಜೀವ ಬಂತು. ಎಂಥ ಯೋಗ್ಯ ಮನುಷ್ಯ!

"ಪರವಾಗಿಲ್ಲ, ತಗೊಳ್ಳಿ."

"ನಿಮಗ್ಯಾಕೆ ಮೇಡಂ ತೊಂದರೆ."

ಉಚ್ಚಾರಣೆ ಕೂಡ ಸರಿಯಾಗಿ ನಮ್ಮದೇ. ನಾನು ಉಸಿರು ಬಿಗಿಹಿಡಿದು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಹಳದಿ ತೇಪೆಯನ್ನು ನೋಡಿದಳು. ಕೆರೆಯ ಆಚೆ, ಲವಾನ್‌ಳ ಮನೆಯ ಬಿಳಿ ಬಾಗಿಲನ್ನು ನೋಡಿದಳು. ಪೈನ್ ಮರಗಳು ಕೂಡ ಅಲುಗದೆ ನಿಂತವು. ಎರಡೇ ಸಲ ಕೇಳಿ ನಿಲ್ಲಿಸುವುದು ಎಷ್ಟು ಸುಲಭ, ನೋಡು, ನಿಲ್ಲಿಸು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡುವುದು ನನಗೆ ಈಗ ಅಭ್ಯಾಸವಾಗಿತ್ತು. ಅಷ್ಟರಲ್ಲಿ ಅವಳು ಬಗ್ಗಿ ಮೊಣಕಾಲು ಉಜ್ಜಿಕೊಂಡಳು.

"ಇಲ್ಲ, ನೀವು ತಗೊಳ್ಳಲೇಬೇಕು" ಎಂದಳು.

ರಾಯ್ಸ್ ಒಂದು ನಿಟ್ಟುಸಿರು ಬಿಟ್ಟ. ನಮ್ಮ ಚರ್ಚಿನ ಹಿರಿಯರೂ ಅಷ್ಟು ಅಚ್ಚುಕಟ್ಟಾಗಿ ಬಿಡಲಾರರು. "ನೀವು ಅಷ್ಟು ಹೇಳ್ತಿದ್ದೀರ ಅಂದ್ಮೇಲೆ..." ಎಂದು ಡೇರೆಯನ್ನು ಹೆಗಲಿಗೇರಿಸಿದ. ಹಿಂದಿನಿಂದ ನಾನು ಉಳಿದ ನಾಲ್ಕು ಕೊಳವೆಗಳನ್ನು ಹೊತ್ತು, ಹೆಣದ ಹಿಂದೆ ಹೋಗುವವನಂತೆ ಹೋದೆ. ಗಾಡಿಯಲ್ಲಿಟ್ಟ ಮೇಲೂ ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಒಂದು ಒಳ್ಳೆಯ ಮಾತಾದರೂ ಕೇಳಿ ಹೋಗೋಣ ಎನ್ನಿಸಿತು.

"ಮೂವತ್ತಾರು ಬೇಸಿಗೆ ಕಂಡ ಡೇರೆ ಅದು. ಹೇಗಿದೆ, ಹೇಳಿ?"

ರಾಯ್ಸ್ ಡೇರೆಯ ತೇಪೆಗಳನ್ನು ಒಂದೊಂದಾಗಿ ನೋಡಿದ. ಮೂಸಿದ. ಕೊಳವೆಗಳನ್ನು ಎಣಿಸಿದ. ಆಮೇಲೆ ತುಂಬ ಮರ್ಯಾದೆಯಿಂದ ಟೋಪಿಯ ಅಂಚು ಮುಟ್ಟಿದ.

"ಬೇರೆ ಥರ ಇದೆ, ಸರ್."